ದೊಡ್ಡಪ್ಪನ ಹೂದೋಟದ ದಾರಗಳು

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ ನಡೆದ ಒಂದು ದಿನದ ಕಥೆಯನ್ನು ನಿಮಗೆ ಹೇಳಲು ಕೂತಿದ್ದೇನೆ. ಆದರೆ ಅದು ನಾನು ಹೇಳುವ ಹಾಗೆಯೇ ನಡೆಯಿತು ಎಂದು ಆಣೆ ಮಾಡಲಾರೆ. ಆಗ ನನಗೆ ಏಳೋ ಎಂಟೋ ವರ್ಷ. ಅಲ್ಲಿಂದೀಚೆಗೆ ಆ ದಿನವನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಯಾವುದು ಕಂಡದ್ದು, ಯಾವುದು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ಬೇರೆ ಮಾಡುವುದು ಕಷ್ಟ. ಕಾಲೇಜಿನಲ್ಲಿ ಓದಿ, ಆಮೇಲೆ ಕಾಲೇಜಿನಲ್ಲೇ ಪಾಠ ಹೇಳಿ, ಸಾಕ್ಷಿ ಇಲ್ಲದೆ ಯಾವುದನ್ನೂ ನಂಬಬಾರದು ಎಂದು ಕಲಿತವನು ನಾನು. ನನ್ನ ತಲೆಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಸಿಟ್ಟು ಮಾತ್ರ ಸುಳ್ಳಲ್ಲ. ಆ ದಿನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ನಿಮಗೆ ಸಿಹಿ ಕಥೆ ಹೇಳಲು ನನಗೆ ಬರುವುದಿಲ್ಲ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನಲ್ಲಿ, ನಲ್ಲೂರಿನ ಹುಣಸೆ ತೋಪಿನಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿತ್ತು. ಅಪ್ಪ ಮತ್ತು ದೊಡ್ಡಪ್ಪ ಪಾಲಾಗಿದ್ದರು. ಮನೆಯ ನಡುವೆ ಗೋಡೆ ಬಂದಿತ್ತು, ಹಿತ್ತಲಿನ ಅರ್ಧ ದೊಡ್ಡಪ್ಪನದಾಗಿತ್ತು. ದೊಡ್ಡಮ್ಮ ತೀರಿಕೊಂಡಿದ್ದರು, ಅವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಪಾಲಾದರೂ ದೊಡ್ಡಪ್ಪನ ಊಟ ನಮ್ಮ ಮನೆಯಲ್ಲೇ. ಅವರು ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ಒಂದು ಬಂಗಲೆಯಲ್ಲಿ ಮಾಲಿಯಾಗಿದ್ದರಂತೆ. ಆ ಕೆಲಸ ಬಿಟ್ಟು ಬರುವಾಗ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಒಂದಿಷ್ಟು ಗೆಡ್ಡೆಬೇರು ತಂದಿದ್ದರು. ಅದೇ ಡೇ ಲಿಲಿ.

ನೀವು ಅದನ್ನು ರಸ್ತೆ ನಡುವಿನ ಹೂಪಾತಿಗಳಲ್ಲಿ ನೋಡಿರಬಹುದು. ಉದ್ದ ಹುಲ್ಲಿನಂಥ ಎಲೆ. ನಡುವಿನಿಂದ ಒಂದು ದಂಟು ನಿಮ್ಮ ಸೊಂಟದೆತ್ತರಕ್ಕೆ ಏಳುತ್ತದೆ. ಅದರ ತುದಿಯಲ್ಲಿ ಮೊಗ್ಗುಗಳ ಗೊಂಚಲು. ದಿನಕ್ಕೊಂದು ಮೊಗ್ಗು ಬೆಳಗಾಗುವಾಗ ಬಿರಿಯುತ್ತದೆ, ಸಂಜೆಗೆ ಮುದುಡಿ ಒದ್ದೆ ಕಾಗದದ ಹಾಗೆ ಜೋತುಬೀಳುತ್ತದೆ. ಮಾರನೆಯ ದಿನ ಪಕ್ಕದ ಮೊಗ್ಗಿನ ಸರದಿ.

ನಮ್ಮೂರಿನಲ್ಲಿ ಎಲ್ಲರೂ ಹೂವು ಬಲ್ಲವರೇ. ಸೇವಂತಿಗೆ, ಕನಕಾಂಬರ ಬೆಳೆದು, ಕಟ್ಟಿ, ಮೊಳ ಮಾರಿನ ಲೆಕ್ಕದಲ್ಲಿ ಮಾರುವವರು. ಅವರ ಕಣ್ಣಿಗೆ ದೊಡ್ಡಪ್ಪನ ಹೂವು ಹೂವೇ ಅಲ್ಲ. ಮೂಸಿದರೆ ಘಮವಿಲ್ಲ, ಕಟ್ಟಿದರೆ ದಂಡೆಯಾಗುವುದಿಲ್ಲ, ಬುಟ್ಟಿಗೆ ಹಾಕಿದರೆ ಸಂತೆ ಮುಟ್ಟುವುದರೊಳಗೆ ಬಾಡುತ್ತದೆ. ಬಾವಿಕಟ್ಟೆಯಲ್ಲಿ ಅವರನ್ನು ಕಂಡರೆ ಸಾಕು, ಯಾರಾದರೊಬ್ಬರು ಕೆಣಕುತ್ತಿದ್ದರು. "ಏನಣ್ಣೋ, ಇವತ್ ಬೆಳಿಗ್ಗೆ ಹುಟ್ಟಿದ್ದು ಸಾಯಂಕಾಲ ಮಣ್ಣಾಯ್ತಾ?" ದೊಡ್ಡಪ್ಪ ಹಗ್ಗ ಸೇದುತ್ತಲೇ, "ನಾಳೆದು ಇನ್ನೂ ಹೊಟ್ಟೇಲೈತೆ ಕಣಪ್ಪ" ಎನ್ನುತ್ತಿದ್ದರು.

ಅವರು ಬರೀ ಹೂವು ಬೆಳೆಸುತ್ತಿರಲಿಲ್ಲ, ಹೊಸ ಹೂವು ಹುಟ್ಟಿಸುತ್ತಿದ್ದರು. ತಂದ ಗಿಡಗಳು ಅರಿಶಿನ ಬಣ್ಣದವು, ಇಟ್ಟಿಗೆ ಬಣ್ಣದವು. ಅವರಿಗೆ ಬೇಕಾಗಿದ್ದು ಹಾಲಿನ ಬಣ್ಣದ್ದು. ಎಲ್ಲಕ್ಕಿಂತ ತಿಳಿಯಾದ ಎರಡು ಹೂವುಗಳನ್ನು ಆರಿಸಿ, ಒಂದರ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸಿ, ಬೀಜ ಕಟ್ಟಿಸಿ, ಬಿತ್ತಿ, ಅದು ಹೂವು ಬಿಡುವ ತನಕ ಎರಡು ಮೂರು ವರ್ಷ ಕಾಯುತ್ತಿದ್ದರು. ಬಂದದ್ದರಲ್ಲಿ ಮತ್ತೆ ತಿಳಿಯಾದದ್ದನ್ನು ಆರಿಸುವುದು, ಮತ್ತೆ ಕಾಯುವುದು. ನಾನು ಶಾಲೆಗೆ ಸೇರುವ ಹೊತ್ತಿಗೆ ಅರಿಶಿನದಿಂದ ಬೆಣ್ಣೆಯ ಬಣ್ಣದವರೆಗೆ ಬಂದಿದ್ದರು.

ಇಬ್ಬನಿ ಆರುವ ಹೊತ್ತಿಗೆ ಅವರು ತೋಟಕ್ಕಿಳಿಯುತ್ತಿದ್ದರು. ಕಾಲಡಿಯ ಮಣ್ಣು ತಣ್ಣಗಿರುತ್ತಿತ್ತು, ಪಕ್ಕದ ಕೊಟ್ಟಿಗೆಯಿಂದ ಸಗಣಿಯ ವಾಸನೆ, ಅಮ್ಮ ಹಚ್ಚಿದ ಒಲೆಯ ಹೊಗೆ. ಒಂದು ಹೂವಿನಿಂದ ಕೇಸರವೊಂದನ್ನು ಬೆರಳ ತುದಿಯಲ್ಲಿ ಕಿತ್ತು, ಅದರ ಹಳದಿ ಪುಡಿಯನ್ನು ಇನ್ನೊಂದು ಹೂವಿನ ನಡುವಿನ ಉದ್ದ ಎಳೆಯ ತುದಿಗೆ ಮುಟ್ಟಿಸುತ್ತಿದ್ದರು. ಮಗುವಿನ ಹಣೆಗೆ ಬೊಟ್ಟಿಡುವಷ್ಟು ಹಗುರ. ಆಮೇಲೆ ಆ ಹೂವಿನ ಬುಡಕ್ಕೆ ಒಂದು ಬಣ್ಣದ ದಾರ ಕಟ್ಟುತ್ತಿದ್ದರು.

ದಾರ ಬರುತ್ತಿದ್ದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ. ಅಲ್ಲಿ ಗುಡಿಸಿ ಎಸೆಯುವ ತುಂಡು ದಾರಗಳನ್ನು ದೊಡ್ಡಪ್ಪ ಕೈಚೀಲದ ತುಂಬ ತರುತ್ತಿದ್ದರು. ಗಿಳಿಹಸಿರು, ಕುಂಕುಮಕೆಂಪು, ನೀಲಿ, ಕಪ್ಪು, ಬದನೆಕಾಯಿ ಬಣ್ಣ. ಒಂದೊಂದು ಗಿಡಕ್ಕೂ ಒಂದೊಂದು ದಾರದ ಬಣ್ಣ ಗೊತ್ತುಮಾಡಿದ್ದರು. ಪುಡಿ ಕೊಟ್ಟ ಗಿಡದ್ದು ಯಾವ ಬಣ್ಣವೋ ಆ ಬಣ್ಣದ ದಾರ ಕಾಯಿಗೆ. ಬೀಜ ಬಿತ್ತಿದ ಮೇಲೆ ಸಸಿಯ ಬುಡಕ್ಕೆ ತಾಯಿಯ ಬಣ್ಣ, ತಂದೆಯ ಬಣ್ಣ ಎರಡೂ. ಸಸಿಗೆ ಒಂದೊಂದು ವರ್ಷ ತುಂಬಿದ ಹಾಗೆ ದಾರಕ್ಕೆ ಒಂದೊಂದು ಗಂಟು. ಹೂವು ಬಿಟ್ಟ ಗಿಡಗಳನ್ನು ಅವರು ಮುಖ ನೋಡಿ ಗುರುತಿಸುತ್ತಿದ್ದರು. ಹೂವು ಬಿಡದ ಸಸಿಗಳೆಲ್ಲ ನೋಡಲು ಒಂದೇ ಥರ, ಬರೀ ಹುಲ್ಲು. ದಾರವಿದ್ದರೆ ಮಾತ್ರ ಅವಕ್ಕೆ ಅಪ್ಪ ಅಮ್ಮ. ಇದನ್ನು ದೊಡ್ಡಪ್ಪ ನನಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟಿದ್ದರು ಎಂದೇ ನನ್ನ ನೆನಪು.

ಹಾಲಿನ ಹೂವು ಆ ವರ್ಷ ಬಿತ್ತಲಿದ್ದ ಬೀಜದಲ್ಲೋ, ಹಿಂದಿನ ವರ್ಷದ ಸಸಿಗಳಲ್ಲೋ ಬಂದೇ ಬರುತ್ತದೆ ಎಂದು ದೊಡ್ಡಪ್ಪ ನಂಬಿದ್ದರು. ಅಮ್ಮನ ಮುಂದೆ, ಊಟಕ್ಕೆ ಕೂತಾಗ, ಅನ್ನದ ತಿಳಿಯನ್ನು ತೋರಿಸಿ, "ಇಷ್ಟು ಬೆಳ್ಳಗೆ ಬರ್ತದೆ ನೋಡವ್ವ" ಎನ್ನುತ್ತಿದ್ದರು. ಅಪ್ಪ ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದ.

ಅಪ್ಪ ಊರಿನಲ್ಲಿ ಓದು ಬಲ್ಲ ನಾಲ್ಕೈದು ಜನರಲ್ಲಿ ಒಬ್ಬ. ಯಾರಿಗೆ ಕಾಗದ ಬಂದರೂ ಓದಿ ಹೇಳಲು ಅವನೇ ಬೇಕು, ಯಾರಿಗೆ ಅರ್ಜಿ ಬರೆಯಬೇಕಾದರೂ ಅವನೇ. ಜೇಬಿನಲ್ಲಿ ಸದಾ ಪೆನ್ನು ಇರುತ್ತಿತ್ತು. ನಾನು ಅದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ಈಗ ನೆನೆದರೆ ಆ ಪೆನ್ನಿನ ಮೇಲೂ ಸಿಟ್ಟು ಬರುತ್ತದೆ.

ಆ ಬೇಸಿಗೆಯ ಕೊನೆಯಲ್ಲಿ ಅಕ್ಕನನ್ನು ನೋಡಲು ಅನುಗೊಂಡನಹಳ್ಳಿ ಕಡೆಯಿಂದ ಗಂಡಿನವರು ಬರುತ್ತಾರೆಂದು ಗೊತ್ತಾಯಿತು. ಮನೆಗೆ ಸುಣ್ಣ ಬಳಿದರು, ಅಂಗಳ ಸಾರಿಸಿದರು. ಅಮ್ಮ ಕಜ್ಜಾಯಕ್ಕೆ ಪಾಕ ಹಿಡಿದಳು, ಬೆಲ್ಲ ಕಾಯುವ ವಾಸನೆ ಬೀದಿಯ ತನಕ ಬರುತ್ತಿತ್ತು. ಅಷ್ಟರಲ್ಲಿ ಬಾವಿಕಟ್ಟೆಯಲ್ಲಿ ಯಾರೋ ಒಂದು ಮಾತು ಹೇಳಿದರಂತೆ. ಹಿತ್ತಲ ತುಂಬ ಕೆಂಪು ಕಪ್ಪು ದಾರ ಕಟ್ಟಿದ್ದಾರಲ್ಲ, ಬಂದವರು ಮಾಟ ಮಾಡುವ ಮನೆ ಅಂದುಕೊಂಡರೆ ಏನು ಗತಿ ಎಂದು. ನಗೆಮಾತೇ ಇರಬಹುದು. ಅಪ್ಪ ನಗಲಿಲ್ಲ.

ಗಂಡಿನವರು ಬರುವ ದಿನ ಬೆಳಿಗ್ಗೆ ಅಪ್ಪ ದೊಡ್ಡಪ್ಪನನ್ನು ದೇವನಹಳ್ಳಿಗೆ ಕಳಿಸಿದ, ಬಂದವರ ಮುಂದಿಡಲು ಚಕ್ಕೋತ ಹಣ್ಣು ತರಲಿ ಎಂದು. ಇಲ್ಲಿ ನನ್ನ ನೆನಪು ನನಗೇ ಅನುಮಾನ. ಬೇಸಿಗೆಯ ಕೊನೆಯಲ್ಲಿ ಚಕ್ಕೋತ ಸಿಗುತ್ತಿತ್ತೇ? ಅಕ್ಕನನ್ನು ಕೇಳಿದರೆ, ಚಕ್ಕೋತವಲ್ಲ, ವೀಳ್ಯದೆಲೆ ಎನ್ನುತ್ತಾಳೆ. ಹಣ್ಣೋ ಎಲೆಯೋ, ದೊಡ್ಡಪ್ಪ ಹೋದದ್ದಂತೂ ಇಬ್ಬರಿಗೂ ನೆನಪಿದೆ. ಬೇಕೆಂದೇ ಕಳಿಸಿದನೇ? ಅದು ನನಗೆ ಗೊತ್ತಿಲ್ಲ. ಅವರು ಅತ್ತ ಹೋದ ಮೇಲೆ ಅಪ್ಪ ನಮ್ಮಿಬ್ಬರನ್ನು ಹಿತ್ತಲಿಗೆ ಕರೆದ.

"ದಾರ ಎಲ್ಲಾ ಬಿಚ್ಚಿ" ಎಂದ. "ಗಿಡ ಮುಟ್ಟಬೇಡಿ, ಹೂವು ಕೀಳಬೇಡಿ. ದಾರ ಮಾತ್ರ. ಬಿಚ್ಚಿ ನೀರೊಲೆಗೆ ಹಾಕಿ."

ಆಮೇಲಿನದನ್ನು ನನ್ನ ತಲೆ ನನಗೆ ಹೀಗೆ ತೋರಿಸುತ್ತದೆ: ನಾನು ಅಪ್ಪನ ಪಂಚೆ ಹಿಡಿದು ಬೇಡ ಎನ್ನುತ್ತೇನೆ, ಅದು ದೊಡ್ಡಪ್ಪನ ಬರಹ ಎನ್ನುತ್ತೇನೆ, ಅಪ್ಪ ನನ್ನ ಕೈ ಕೊಡವುತ್ತಾನೆ. ಎಷ್ಟೋ ವರ್ಷ ಇದನ್ನು ನಾನು ನಿಜವೆಂದೇ ನಂಬಿದ್ದೆ, ನಿಮ್ಮ ಅಜ್ಜಿಗೂ ಹೀಗೆಯೇ ಹೇಳಿದ್ದೆ. ಈಚೆಗೆ ಅಕ್ಕನ ಮುಂದೆ ಹೇಳಿದಾಗ ಅವಳು ನಕ್ಕುಬಿಟ್ಟಳು.

"ನೀನೇನೂ ಅನ್ನಲಿಲ್ಲ ಕಣೋ. ಬಿಚ್ಚೋದ್ರಲ್ಲಿ ನಂಗಿಂತ ನೀನೇ ಮುಂದಿದ್ದೆ. ಯಾರು ಜಾಸ್ತಿ ಬಿಚ್ತಾರೆ ನೋಡಣ ಅಂತ ಪಂದ್ಯ ಬೇರೆ ಕಟ್ಟಿದ್ದೆ."

ಅವಳು ಹೇಳಿದ್ದೇ ನಿಜವಿರಬೇಕು. ಏಕೆಂದರೆ ನನ್ನ ಬೆರಳುಗಳಿಗೆ ಇನ್ನೊಂದು ನೆನಪಿದೆ. ಇಬ್ಬನಿಗೆ ನೆಂದು ಬಿಗಿದಿದ್ದ ಗಂಟುಗಳನ್ನು ಉಗುರಿನಿಂದ ಬಿಡಿಸಿದ್ದು, ಬಿಚ್ಚಿದಾಗ ದಂಟಿನ ಮೇಲೆ ಉಳಿಯುತ್ತಿದ್ದ ತೆಳ್ಳನೆಯ ಬಿಳಿ ಗೆರೆ, ಪಾತಿಯಿಂದ ಪಾತಿಗೆ ಓಡಿದ್ದು. ಬೇಡ ಎಂದು ಅತ್ತವನ ನೆನಪಲ್ಲ ಅದು, ಗೆಲ್ಲಬೇಕೆಂದು ಓಡಿದವನದು. ದಾರವೆಂದರೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿದೆ. ಅಪ್ಪನ ಮೇಲಿನ ನನ್ನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದೇ, ಅದನ್ನು ಅಪ್ಪನ ತಲೆಗೆ ಕಟ್ಟಿದ್ದೇನೆ ಅಷ್ಟೆ.

ಅಕ್ಕ ದಾರಗಳನ್ನು ಒಲೆಗೆ ಹಾಕಲಿಲ್ಲ. ರೇಷ್ಮೆಯ ಥರ ಹೊಳೆಯುತ್ತಿದ್ದವು, ಸುಡಲು ಮನಸ್ಸು ಬರಲಿಲ್ಲವಂತೆ. ಉಂಡೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಳು.

ಬಿಸಿಲೇರುವ ಹೊತ್ತಿಗೆ ದೊಡ್ಡಪ್ಪ ಬಂದರು. ತಂದದ್ದನ್ನು ಅಮ್ಮನ ಕೈಗೆ ಕೊಟ್ಟು, ಕಾಲು ತೊಳೆದು, ರೂಢಿಯಂತೆ ತೋಟಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಹೂವುಗಳೆಲ್ಲ ಇದ್ದವು. ಅವತ್ತು ಬೆಣ್ಣೆ ಬಣ್ಣದವು ಎಂದಿಗಿಂತ ಹೆಚ್ಚೇ ಅರಳಿದ್ದವು ಎನ್ನಿಸುತ್ತದೆ, ಜೇನ್ನೊಣಗಳು ಮುತ್ತಿದ್ದವು. ದೊಡ್ಡಪ್ಪ ಮೊದಲ ಪಾತಿಯ ಮುಂದೆ ಬಗ್ಗಿದರು. ಎರಡನೆಯದರ ಮುಂದೆ ಬಗ್ಗಿದರು. ಮೂರನೆಯದಕ್ಕೆ ಹೋಗಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ಅಪ್ಪ ಬಾಗಿಲಿಗೆ ಬಂದು ನಿಂತ. ಅವನಿಗೆ ಭಯವಾಗಿತ್ತೋ, ನಾಚಿಕೆಯಾಗಿತ್ತೋ, ಅವನ ಮುಖದಲ್ಲಿ ಕಂಡದ್ದು ಮಾತ್ರ ರೇಗು.

"ದಾರ ತಾನೇ ಕಣಣ್ಣ ಬಿಚ್ಚಿಸಿದ್ದು. ಒಂದು ಎಲೆ ಮುಟ್ಟಿದ್ದೀನಾ? ಹೆಣ್ಣು ನೋಡೋಕೆ ಬರೋರು ನಾಳೆ ಊರೆಲ್ಲ ಆಡ್ಕೊಂಡ್ರೆ ನೀನ್ ಬರ್ತೀಯಾ ಅವಳಿಗೆ ಗಂಡು ಹುಡುಕೋಕೆ?"

 ಅಕ್ಕ ಬಂದು ಸೆರಗಿನ ಗಂಟು ಬಿಚ್ಚಿ ದಾರದ ಉಂಡೆಯನ್ನು ದೊಡ್ಡಪ್ಪನ ಕೈಯಲ್ಲಿಟ್ಟಳು. ಅವಳಿಗೆ ಅದು ದೊಡ್ಡಪ್ಪನ ವಸ್ತು, ಹಿಂದಿರುಗಿಸಿದರೆ ಸರಿಹೋಗುತ್ತದೆ. ದೊಡ್ಡಪ್ಪನಿಗೆ ಮಾತ್ರ ಒಂದು ಪುಸ್ತಕದ ಅಕ್ಷರಗಳನ್ನೆಲ್ಲ ಕೆರೆದು ಒಂದು ಮುಷ್ಟಿಯಲ್ಲಿ ಕೊಟ್ಟಂತಾಗಿತ್ತು. ಅವರು ಉಂಡೆಯನ್ನು ಹಿಡಿದುಕೊಂಡು ನನ್ನನ್ನು ಹತ್ತಿರ ಕರೆದರು.

"ಮಗಾ, ಯಾವ್ದು ಎಲ್ಲಿತ್ತು, ಗ್ಯಾನ ಐತಾ?"

ಇಲ್ಲ ಎನ್ನಬೇಕಿತ್ತು. ನನಗೆ ಒಂದೂ ಗೊತ್ತಿರಲಿಲ್ಲ. ಆದರೆ ಅವರು ನನ್ನನ್ನೇ ನೋಡುತ್ತಿದ್ದರು, ಊರಿನಲ್ಲಿ ಓದುಬರಹ ಬಲ್ಲವರೆಲ್ಲ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ ಎಂಬಂತೆ. ನಾನು ಉಂಡೆಯಿಂದ ಒಂದು ಹಸಿರು ದಾರ ಎಳೆದು, ಇದು ಇಲ್ಲಿತ್ತು ಎಂದೆ. ಅವರು ಕಟ್ಟಿದರು. ಕೆಂಪು ಎಳೆದು, ಇದು ಆ ಮೂಲೆಯದು ಎಂದೆ. ಅದನ್ನೂ ಕಟ್ಟಿದರು. ನನ್ನ ಧೈರ್ಯ ಹೆಚ್ಚಿತು. ಎಳೆದದ್ದಕ್ಕೆಲ್ಲ ಒಂದು ಜಾಗ ಹೇಳುತ್ತ ಹೋದೆ. ಅವರು ಒಂದೊಂದನ್ನೇ ಗಂಟು ಹಾಕುತ್ತಿದ್ದರು. ಒಂದು ಸಸಿಯ ಬಳಿ ನಾನು ಬದನೆಕಾಯಿ ಬಣ್ಣದ ದಾರ ಕೊಟ್ಟೆ. ಅವರ ಕೈ ನಿಂತಿತು. ಆ ಬಣ್ಣದ ಗಿಡದ ಪುಡಿಯನ್ನು ಅವರು ಆ ವರ್ಷವಷ್ಟೇ ಮೊದಲ ಸಲ ಮುಟ್ಟಿಸಿದ್ದರು, ಅದರ ಸಸಿ ಇನ್ನೂ ಹುಟ್ಟೇ ಇರಲಿಲ್ಲ.

ನನಗೆ ಬೈಯುತ್ತಾರೆ ಅಂದುಕೊಂಡೆ. ಅವರು ದಾರವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಸಾಕು ಬಿಡು ಮಗಾ. ಗೊತ್ತಿಲ್ಲ ಅಂದಿದ್ರೂ ನಂಗೆ ಸಾಕಾಗಿತ್ತು."

ಆಮೇಲೆ ಅವರು, ಅಷ್ಟು ಹೊತ್ತು ನನ್ನ ಮಾತು ನಂಬಿ ಕಟ್ಟಿದ್ದ ದಾರಗಳನ್ನು ಒಂದೊಂದಾಗಿ ತಾವೇ ಬಿಚ್ಚಿದರು. ಸುಳ್ಳು ದಾರ ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅದನ್ನು ಕಲಿಯಲು ಎರಡು ಡಿಗ್ರಿ ಬೇಕಾಯಿತು.

ಗಂಡಿನವರು ಮಧ್ಯಾಹ್ನ ಬಂದರು. ಕಜ್ಜಾಯ ತಿಂದರು, ಅಕ್ಕನನ್ನು ಒಪ್ಪಿದರು. ಕೈತೊಳೆಯಲು ಹಿತ್ತಲಿಗೆ ಬಂದ ಅವರ ಕಡೆಯ ಹಿರಿಯರೊಬ್ಬರು ಹೂವುಗಳ ಮುಂದೆ ನಿಂತು, ಎಷ್ಟು ಚೆಂದ, ಇವು ಯಾವುದರಿಂದ ಯಾವುದು ಬಂದದ್ದು ಎಂದು ದೊಡ್ಡಪ್ಪನನ್ನು ಕೇಳಿದರು. ಅವರೂ ಗಿಡ ಬಲ್ಲವರಿರಬೇಕು. ಆ ಮನುಷ್ಯ ದಾರ ನೋಡಿದ್ದರೆ ಮಾಟ ಅನ್ನುತ್ತಿರಲಿಲ್ಲ, ಕೂತು ಕೇಳುತ್ತಿದ್ದ. ದೊಡ್ಡಪ್ಪ ಅವರ ಕೈಗೆ ನೀರು ಹಾಕಿದರು. ಈ ಹಿರಿಯರ ನೆನಪು ಅಕ್ಕನಿಗಿಲ್ಲ, ಅವಳು ಒಳಗಿದ್ದಳು. ನನ್ನ ಸಿಟ್ಟೇ ಅವರನ್ನು ಸೃಷ್ಟಿಸಿರಲೂಬಹುದು.

ದೊಡ್ಡಪ್ಪ ಆ ವರ್ಷದ ಬೀಜಗಳನ್ನೂ ಬಿತ್ತಿದರು. ಕಪ್ಪು ಮಣಿಯಂಥ ಬೀಜ, ಎಲ್ಲ ಕಲಸಿ, ಒಂದೇ ಪಾತಿಯಲ್ಲಿ. ಸಸಿಗಳು ಎದ್ದವು, ಮುಂದೆ ಹೂವೂ ಬಿಟ್ಟವು. ಒಂದೆರಡು ನಿಜಕ್ಕೂ ತಿಳಿಯಾಗಿದ್ದವು. ಆದರೆ ಅವು ಯಾವ ದಾರಿಯಲ್ಲಿ ಅಲ್ಲಿಗೆ ಬಂದವು ಎಂದು ಹೇಳುವವರಿರಲಿಲ್ಲ, ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ಅವರಿಗೂ ತಿಳಿಯಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿ ಎಂದು ಅಮ್ಮ ಹೇಳಿದಳು. ಅದಕ್ಕೆ ಬೇಕಾದಷ್ಟು ವರ್ಷ ಇನ್ನೂ ಯಾರಿಗೈತವ್ವ ಎಂದರು. ನೀರು ಹಾಕುವುದನ್ನು ಬಿಡಲಿಲ್ಲ. ದಾರ ಕಟ್ಟುವುದನ್ನು ಬಿಟ್ಟರು. ಹೂವಿನಿಂದ ಹೂವಿಗೆ ಪುಡಿ ಹೊರುವ ಕೆಲಸವನ್ನು ಜೇನ್ನೊಣಗಳಿಗೆ ಬಿಟ್ಟುಕೊಟ್ಟರು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವರು ತೀರಿಕೊಂಡರು. ಹಾಲಿನ ಬಣ್ಣವನ್ನು ಅವರು ನೋಡಲಿಲ್ಲ.

ಕಾಲೇಜಿಗೆ ಹೋದ ಮೇಲೆ ನಾನು ಇದನ್ನೆಲ್ಲ ಅಪ್ಪನ ಮುಂದೆ ಎತ್ತಿದೆ. ತಪ್ಪಾಯಿತು ಎನ್ನುತ್ತಾನೆ ಎಂದು ಕಾದಿದ್ದೆ. ಅಪ್ಪ ಪೇಪರು ಮಡಿಸಿಟ್ಟು ಹೇಳಿದ್ದು ಇಷ್ಟು:

"ಅಣ್ಣಂಗೆ ಓದುಬರಹ ಬರ್ತಿತ್ತಲ್ಲ. ಅಷ್ಟು ಮುಖ್ಯ ಆಗಿದ್ರೆ ಒಂದು ಪುಸ್ತಕದಲ್ಲಿ ಬರ್ದಿಟ್ಕೊಬೇಕಿತ್ತು. ದಾರ ನಂಬ್ಕೊಂಡು ಕೂತಿದ್ದು ಅವನ ತಪ್ಪು."

 ದೊಡ್ಡಪ್ಪನಿಗೆ ಓದು ಬರುತ್ತಿತ್ತೋ ಇಲ್ಲವೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ದೊಡ್ಡಪ್ಪ ಜಗಲಿಯಲ್ಲಿ ಪೇಪರು ಹಿಡಿದು ಕೂತ ಚಿತ್ರ ನನ್ನ ಕಣ್ಣಮುಂದಿತ್ತು. ಓದುತ್ತಿದ್ದರೇ? ಬರೀ ಚಿತ್ರ ನೋಡುತ್ತಿದ್ದರೇ? ಓದು ಬರುತ್ತಿದ್ದರೆ ಅಪ್ಪ ಹೇಳಿದ್ದರಲ್ಲೂ ಅರ್ಥವಿದೆ, ತಪ್ಪಿನಲ್ಲಿ ಅರ್ಧ ದೊಡ್ಡಪ್ಪನದೇ. ಬರುತ್ತಿರಲಿಲ್ಲ ಎಂದಾದರೆ ಅವರಿಗಿದ್ದ ಒಂದೇ ಬರಹವನ್ನು ನಾವು ಅಳಿಸಿದ್ದೆವು. ಅಪ್ಪ ಸಾಯುವವರೆಗೂ ಆ ಮಾತನ್ನು ಬದಲಿಸಲಿಲ್ಲ. ಅಕ್ಕನಿಗೂ ಖಚಿತವಿರಲಿಲ್ಲ. ಇದೊಂದು ಪ್ರಶ್ನೆ ನನ್ನನ್ನು ಇಷ್ಟು ವರ್ಷ ಕಾಡಿತು.

ಮಕ್ಕಳೇ, ನಿಮ್ಮ ಲೋಕ ಬೇರೆ. ನೀವು ಫೋನಿನಲ್ಲಿ ಒಂದು ಚಿತ್ರ ಅಳಿಸಿದರೆ ಅದು ಇನ್ನೂ ಎಷ್ಟೋ ದಿನ ಒಳಗೆಲ್ಲೋ ಕೂತಿರುತ್ತದೆ, ವಾಪಸು ಬೇಕೇ ಎಂದು ಅದೇ ಕೇಳುತ್ತದೆ. ಗಿಡದ ಮುಂದೆ ಫೋನು ಹಿಡಿದರೆ ಹೆಸರು ಹೇಳುತ್ತದೆ. ನಿಮ್ಮ ಹೋಮ್‌ವರ್ಕ್ ಮೂರು ಕಡೆ ಇರುತ್ತದೆ. ನೀವು ಅದೃಷ್ಟವಂತರು, ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ತೋಟದ ಮಾಲಿ ಗಿಡಗಳ ನಡುವೆ ನೆಟ್ಟಿದ್ದ ಕಡ್ಡಿಗಳನ್ನು ನೀವು ಕಿತ್ತು ಕತ್ತಿ ಮಾಡಿಕೊಂಡು ಆಡುತ್ತಿದ್ದಾಗ, ನಾನು ಯಾಕೆ ಅಷ್ಟು ಜೋರಾಗಿ ಕೂಗಿದೆ ಎಂದು ನಿಮ್ಮ ಅಮ್ಮ ಕೇಳಿದಳಲ್ಲ, ಅದಕ್ಕೆ ಇದು ಉತ್ತರ. ನಮಗೆ ಕಡ್ಡಿಯಾಗಿ ಕಂಡದ್ದು ಅವನಿಗೆ ಏನೋ ನಮಗೆ ಗೊತ್ತಿಲ್ಲ. ಕೇಳಬೇಕಿತ್ತು. ಅಪ್ಪನೂ ಕೇಳಬಹುದಿತ್ತು. ಒಂದು ಗೋಡೆಯ ಆಚೆ ಇದ್ದ ಅಣ್ಣ, ದಿನಾ ಒಟ್ಟಿಗೆ ಉಣ್ಣುತ್ತಿದ್ದವರು.

ಹೋದ ವರ್ಷ ನಾನು ಊರಿನ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆ. ಅರ್ಜಿ ಕೊಟ್ಟು, ಮೂರು ಸಲ ಅಲೆದು, ಅಪ್ಪ ಮತ್ತು ದೊಡ್ಡಪ್ಪ ಪಾಲಾದಾಗ ಬರೆಸಿದ ಪತ್ರದ ನಕಲು ಪಡೆದೆ. ನಾವು ದಾರ ಬಿಚ್ಚಿದ ದಿನಕ್ಕಿಂತ ಮುಂಚಿನ ಪತ್ರ ಅದು. ಕೊನೆಯ ಹಾಳೆಯಲ್ಲಿ ಅಪ್ಪನ ಹೆಸರಿನ ಎದುರು ರುಜು ಎಂದಿದೆ. ದೊಡ್ಡಪ್ಪನ ಹೆಸರಿನ ಎದುರು ಎಡಗೈ ಹೆಬ್ಬೆಟ್ಟಿನ ಗುರುತು ಎಂದಿದೆ. ಅದರ ಕೆಳಗೆ, ಈ ಪತ್ರವನ್ನು ಬರೆದು ಅಣ್ಣನಿಗೆ ಓದಿ ಹೇಳಿದವನು ಎಂಬಲ್ಲಿ, ಅಪ್ಪನ ಹೆಸರಿದೆ.